ಸೊನ್ನೆ ಪಡೆದ ಚಿತ್ರ

ಮಲೆನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಮಳೆಯನ್ನು ಕುರಿತು ಯಾರೂ ಹೇಳಿಕೊಡಬೇಕಾಗಿಲ್ಲ. ಮೂಡಿಗೆರೆ, ಕಳಸದ ಸೀಮೆಯಲ್ಲಿ ಜೂನ್ ತಿಂಗಳಲ್ಲಿ ಹಿಡಿದ ಮಳೆಯು ಬೀಳ್ಕೊಟ್ಟರೂ ಹೊರಡದ ನೆಂಟನಂತೆ ಸೆಪ್ಟೆಂಬರಿನವರೆಗೂ ಬೀಡುಬಿಟ್ಟಿರುತ್ತದೆ. ಆದರೂ ಆ ಮಳೆಯನ್ನು ನೋಡುವ ಬಗೆಯನ್ನು ಒಬ್ಬ ಹುಡುಗ ನನಗೆ ಒಮ್ಮೆ ತೋರಿಸಿಕೊಟ್ಟಿದ್ದ. ಮೇಷ್ಟರಾದ ನಾನು ಅದನ್ನು ಕಲಿಯಲಿಲ್ಲ.

ಇದು ಸುಮಾರು ನಲವತ್ತು ವರ್ಷಗಳ ಹಿಂದಿನ ಮಾತು. ನಾನು ಕನ್ನಡ ಪಾಠ ಹೇಳುತ್ತಿದ್ದ ಶಾಲೆಯಲ್ಲಿ ಚಿತ್ರಕಲೆಯ ಉಪಾಧ್ಯಾಯರಿರಲಿಲ್ಲ. ಕಪ್ಪುಹಲಗೆಯ ಮೇಲೆ ಮಾವಿನಕಾಯಿಯನ್ನು ಗುರುತು ಸಿಗುವಂತೆ ಬರೆಯಬಲ್ಲೆನೆಂಬ ಒಂದೇ ಅರ್ಹತೆಯ ಮೇಲೆ ಆ ತರಗತಿಯೂ ನನ್ನ ಪಾಲಿಗೆ ಬಂತು. ಒಂದು ದಿನ ‘ನಮ್ಮೂರಿನ ಮಳೆ’ ಎಂಬ ವಿಷಯವನ್ನು ಕೊಟ್ಟೆ. ಮಕ್ಕಳೆಲ್ಲ ಎರಡು ಬೆಟ್ಟ, ಒಂದು ಹೆಂಚಿನ ಮನೆ, ಕೊಡೆ ಹಿಡಿದ ಒಬ್ಬ ಮನುಷ್ಯ, ಇವುಗಳನ್ನು ಬರೆದು ಮೇಲೆ ಹನಿಗಳನ್ನು ಚುಕ್ಕೆಯಿಟ್ಟು ತಂದರು. ಕಾಫಿ ತೋಟದ ಲೈನುಮನೆಯಿಂದ ಬರುತ್ತಿದ್ದ ಒಬ್ಬ ಹುಡುಗನ ಹಾಳೆಯಲ್ಲಿ ಮಾತ್ರ ಇವಾವುವೂ ಇರಲಿಲ್ಲ. ಕಪ್ಪು, ನೀಲಿ, ಹಸಿರು ಬಣ್ಣಗಳನ್ನು ಕಲಸಿ, ಮೇಲಿನ ಮೂಲೆಯಿಂದ ಕೆಳಗಿನ ಮೂಲೆಗೆ ಅಂಗೈಯಿಂದಲೇ ಎಳೆದಿದ್ದ. ಎಳೆದ ರಭಸಕ್ಕೆ ಹಾಳೆ ಒಂದೆರಡು ಕಡೆ ಹರಿದಿತ್ತು. ಕೆಳಗೆ ಹೆಬ್ಬೆರಳಿನಷ್ಟು ಕೆಂಪು.

“ಮನೆ ಎಲ್ಲಿದೆಯೋ?” ಎಂದು ಗದರಿದೆ.

“ಮಳೆ ಹೊಡೀವಾಗ ಮನೆ ಎಲ್ಲಿ ಕಾಣ್ತದೆ, ಮೇಷ್ಟ್ರೇ? ಅವ್ವ ಹಚ್ಚಿದ ಒಲೆ ಅಷ್ಟೇ ಕಾಣೋದು” ಎಂದ.

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕು, ಕೆಂಪು ಶಾಯಿಯಲ್ಲಿ ದುಂಡಗೆ ಒಂದು ಸೊನ್ನೆ ಬರೆದೆ. ಅಂದಿನಿಂದ ಅವನೂ ಎಲ್ಲರಂತೆ ಎರಡು ಬೆಟ್ಟಗಳನ್ನೇ ಬರೆಯತೊಡಗಿದ.

ಎಷ್ಟೋ ವರ್ಷಗಳ ಬಳಿಕ ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯಲ್ಲಿ ಕೆ. ಕೆ. ಹೆಬ್ಬಾರರ ಚಿತ್ರಗಳನ್ನು ಕಂಡೆ. 1911ರಲ್ಲಿ ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಹೆಬ್ಬಾರರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿಯೂ ಅನಂತರ ಪ್ಯಾರಿಸಿನಲ್ಲಿಯೂ ಅಭ್ಯಾಸ ಮಾಡಿದವರು. ಅವರ ರೇಖೆಗಳು ‘ಹಾಡುವ ರೇಖೆಗಳು’ ಎಂದೇ ಪ್ರಸಿದ್ಧವಾದವು. ನಾಲ್ಕಾರು ಗೆರೆಗಳು ಬಳುಕಿದರೆ ಅಲ್ಲೊಬ್ಬ ನರ್ತಕಿ ಸುಳಿದುಹೋಗುತ್ತಾಳೆ. ಕಣ್ಣು ಮೂಗು ಕಾಣದಿದ್ದರೂ ಗೆಜ್ಜೆ ಕೇಳಿಸುತ್ತದೆ. ಲಯವೆಂಬುದು ಕೈಗೆ ಬರಬೇಕಾದರೆ ಮೊದಲು ಮೈಗೆ ಬರಬೇಕೆಂದು ಅವರು ಪಂಡಿತ ಸುಂದರ ಪ್ರಸಾದರಲ್ಲಿ ಕಥಕ್ ನೃತ್ಯವನ್ನೇ ಕಲಿತರಂತೆ. ಕುಂಚ ಹಿಡಿದವನಿಗೆ ಕುಣಿತವೇಕೆಂದು ಆಗ ಯಾರಾದರೂ ನಕ್ಕಿರಲೂಬಹುದು.

ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದವರು ಜಪಾನಿನ ಕಜುವೊ ಶಿರಾಗ. 1924ರಲ್ಲಿ ಜನಿಸಿದ ಈ ಕಲಾವಿದರು ಕುಂಚವನ್ನೇ ತೊರೆದರು. ನೆಲದ ಮೇಲೆ ಹಾಳೆ ಹಾಸಿ, ಬಣ್ಣ ಸುರಿದು, ಮಾಡಿನಿಂದ ಇಳಿಬಿಟ್ಟ ಹಗ್ಗವನ್ನು ಹಿಡಿದು ಜೋಲುತ್ತ ಪಾದಗಳಿಂದಲೇ ಚಿತ್ರ ಬರೆದರು. 1955ರಲ್ಲಿ ಟೋಕಿಯೊ ನಗರದ ಪ್ರದರ್ಶನವೊಂದರಲ್ಲಿ ಕೆಸರಿನ ರಾಶಿಗಿಳಿದು ಅದರೊಡನೆ ಮಲ್ಲಯುದ್ಧವನ್ನೇ ನಡೆಸಿದರು. ಅವರ ಚಿತ್ರಗಳಲ್ಲಿ ಮನೆಯಿಲ್ಲ, ಮರವಿಲ್ಲ, ಮನುಷ್ಯನಿಲ್ಲ. ದಪ್ಪನಾದ ಕೆಂಪು ಕಪ್ಪು ಬಣ್ಣಗಳ ನಡುವೆ ಒಂದು ಮೈ ಜಾರಿದ, ತಡೆದು ನಿಂತ, ಮತ್ತೆ ಮುನ್ನುಗ್ಗಿದ ಗುರುತು ಮಾತ್ರ ಉಳಿದಿದೆ. ಆ ಗುರುತೇ ಚಿತ್ರ.

ಓದಿದಾಗ ವಿಚಿತ್ರವೆನಿಸಿದ ಈ ಸಂಗತಿ ನಮ್ಮ ಕಾಫಿ ಕಣದಲ್ಲಿ ನಿಂತಾಗ ಸಹಜವಾಗಿ ಕಂಡಿತು. ಹರಡಿದ ಕಾಫಿಯ ನಡುವೆ ಆಳುಗಳು ಪಾದಗಳನ್ನು ಎಳೆಯುತ್ತ ನಡೆದಾಗ ಉದ್ದುದ್ದ ಸಾಲುಗಳು ಮೂಡುತ್ತವೆ. ಮುದುಕನ ಸಾಲು ನಡುಗುತ್ತದೆ, ಹುಡುಗಿಯ ಸಾಲು ಓಡುತ್ತದೆ. ನಡೆದವರು ಮನೆಗೆ ಹೋದ ಮೇಲೂ ಅವರ ನಡಿಗೆ ಕಣದಲ್ಲಿ ಉಳಿದಿರುತ್ತದೆ. ಹಾಗಾದರೆ ಆ ಹುಡುಗನ ಹಾಳೆಯಲ್ಲಿ ಉಳಿದಿದ್ದುದೇನು? ಗಾಳಿಗೆ ಓರೆಯಾಗಿ ಅಪ್ಪಳಿಸುವ ಮಳೆಯ ರಭಸ. ಕತ್ತಲೆಯ ನಡುವೆ ತಾಯಿಯ ಒಲೆ. ನಾನು ಅಲ್ಲಿಲ್ಲದ ಕೊಡೆಯನ್ನು ಹುಡುಕುತ್ತಿದ್ದೆ.

ಹೋದ ವರ್ಷ ಮೂಡಿಗೆರೆಯ ಸಂತೆಯಲ್ಲಿ ಅವನೇ ನನ್ನನ್ನು ಗುರುತಿಸಿ ಮಾತನಾಡಿಸಿದ. ಈಗ ಅವನ ತಲೆಯೂ ನರೆತಿದೆ. ನಾನು ಅಳುಕುತ್ತಲೇ ಆ ಚಿತ್ರದ ಮಾತೆತ್ತಿದೆ. ಅವನು ನಕ್ಕು, “ಚಿತ್ರ ಏನು ಬರೆದಿದ್ದೆನೋ ಮರೆತೇಹೋಗಿದೆ, ಮೇಷ್ಟ್ರೇ. ಸೊನ್ನೆ ಮಾತ್ರ ಚೆನ್ನಾಗಿ ನೆನಪಿದೆ” ಎಂದ.

ನನಗೆ ಆ ಚಿತ್ರ ನೆನಪಿದೆ ಎಂದೆ. ಹಾಳೆ ಎಲ್ಲೆಲ್ಲಿ ಹರಿದಿತ್ತು, ಕೆಂಪು ಯಾವ ಕಡೆಯಿತ್ತು ಎಂಬುದನ್ನು ಸಂತೆಯ ಗದ್ದಲದ ನಡುವೆಯೇ ಅವನಿಗೆ ವಿವರಿಸಿದೆ. ಅವನು ಸುಮ್ಮನೆ ನಿಂತು ಕೇಳಿದ. ಬಳಿಕ “ಹೌದು, ಒಲೆ ಆ ಕಡೆಗೇ ಇತ್ತು” ಎಂದು ಮೆಲ್ಲಗೆ ಹೇಳಿದ.

ಈಗ ನನ್ನ ಮೊಮ್ಮಗಳು ಬಣ್ಣ ಬಳಿದ ಹಾಳೆಯನ್ನು ತಂದು ಮುಂದೆ ಹಿಡಿದಾಗ ಇದೇನೆಂದು ನಾನು ಕೇಳುವುದಿಲ್ಲ. ಇದನ್ನು ಹೇಗೆ ಬರೆದೆ, ತೋರಿಸು ಎನ್ನುತ್ತೇನೆ. ಅವಳು ಕೈಬೀಸಿ ತೋರಿಸುತ್ತಾಳೆ. ನಾನು ನೋಡುತ್ತ ಕುಳಿತುಕೊಳ್ಳುತ್ತೇನೆ.