ಶರತ್ತಿನ ಸವಾರಿ

ಶರದೃತು ಎಂದೊಡನೆ ಕವಿಗಳಿಗೆ ಚಂದ್ರನ ನೆನಪಾಗುತ್ತದೆ. ನನಗೆ ಟೈರಿಗೆ ಗಾಳಿ ಹಾಕಿಸಬೇಕೆಂಬುದು ನೆನಪಾಗುತ್ತದೆ. ಇಷ್ಟಕ್ಕೇ ನನ್ನನ್ನು ಅರಸಿಕನೆಂದು ಓದುಗರು ತೀರ್ಮಾನಿಸಬಾರದು. ಚಂದ್ರನನ್ನು ಮನೆಯ ಮಹಡಿಯ ಮೇಲೆ ಕುಳಿತೂ ನೋಡಬಹುದು. ಆದರೆ ಭತ್ತದ ತೆನೆಯಲ್ಲಿ ಹಾಲು ತುಂಬುವ ಕಾಲದ ಗದ್ದೆಯನ್ನೂ ರಾಗಿಯ ಹೊಲದ ನಡುವೆ ಅರಿಸಿನ ಚೆಲ್ಲಿದಂತೆ ಅರಳುವ ಹುಚ್ಚೆಳ್ಳಿನ ಸಾಲನ್ನೂ ನೋಡಬೇಕಾದರೆ, ಎರಡು ಚಕ್ರಗಳ ಮೇಲೆ ಕುಳಿತು ಊರಾಚೆಗೆ ಹೋಗಲೇಬೇಕು. ಕಾರಿನಲ್ಲಿ ಹೋಗಬಹುದಲ್ಲ ಎಂದು ಕೇಳುವವರುಂಟು. ಕಾರಿನಲ್ಲಿ ಹೋದವರು ಊರನ್ನು ಸೇರುತ್ತಾರೆ, ದಾರಿಯನ್ನು ಸೇರುವುದಿಲ್ಲ.

ನಮ್ಮ ಮೈಸೂರಿನ ಸುತ್ತಿನಲ್ಲಿ ಸವಾರಿಗೆ ಎಲ್ಲ ಕಾಲವೂ ಒದಗುವುದಿಲ್ಲ. ವೈಶಾಖದಲ್ಲಿ ಬಿಸಿಲು ತಲೆಯನ್ನು ಬೇಯಿಸುತ್ತದೆ. ಆಷಾಢದಲ್ಲಿ ಪಡುವಣ ಗಾಳಿ. ಆ ಗಾಳಿಗೆ ಎದೆಯೊಡ್ಡಿ ಕನ್ನಂಬಾಡಿಯ ಕಡೆಗೆ ಸೈಕಲ್ಲು ತುಳಿದವರಿಗೆ, ತಾನು ಮುಂದಕ್ಕೆ ಹೋಗುತ್ತಿದ್ದೇನೋ ಹಿಂದಕ್ಕೋ ಎಂಬ ಸಂಶಯ ಬಾರದೆ ಇರದು. ಶ್ರಾವಣ ಭಾದ್ರಪದಗಳಲ್ಲಿ ಜಿಟಿಜಿಟಿ ಮಳೆ, ಕೆಸರು. ಆಶ್ವಯುಜದ ಮೊದಲ ಹತ್ತು ದಿನ ಊರು ನಮ್ಮದಲ್ಲ, ದಸರೆಗೆ ಬಂದ ನೆಂಟರದು. ವಿಜಯದಶಮಿ ಕಳೆದು, ನೆಂಟರು ಉಳಿದ ಚಕ್ಕುಲಿಯೊಡನೆ ಬಸ್ಸು ಹತ್ತಿದ ಮೇಲೆ ನಮ್ಮ ಕಾಲ ಬರುತ್ತದೆ. ಗಾಳಿ ಅಡಗಿರುತ್ತದೆ, ಆಕಾಶ ಆಗತಾನೆ ಮಡಿ ಮಾಡಿದಂತೆ ಇರುತ್ತದೆ. ಆಯುಧಪೂಜೆಯಂದು ಅರಿಸಿನ ಕುಂಕುಮ ಹಚ್ಚಿಸಿಕೊಂಡು ಚಕ್ರದಡಿಯಲ್ಲಿ ನಿಂಬೆಹಣ್ಣು ಅರೆದ ನನ್ನ ಎರಡು ವಾಹನಗಳೂ, ಹ್ಯಾಂಡಲ್ಲಿಗೆ ಸುತ್ತಿದ ಚೆಂಡುಹೂವಿನ ಹಾರ ಬಾಡುವುದರೊಳಗೇ ಹೊರಡಲು ಸಿದ್ಧವಾಗಿರುತ್ತವೆ. ಎರಡು ವಾಹನವೆಂದರೆ ದೊಡ್ಡಸ್ತಿಕೆಯೇನಿಲ್ಲ: ಒಂದು ಸೈಕಲ್ಲು, ಒಂದು ಸ್ಕೂಟರು.

ಸೈಕಲ್ಲಿನ ಸಹವಾಸ ಹಳೆಯದು. ಗಂಟೆಯ ಬಾಡಿಗೆಗೆ ತಂದ ಸೈಕಲ್ಲಿನಲ್ಲಿ, ಸೀಟು ಎಟುಕದ್ದರಿಂದ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ತುಳಿದು ಕಲಿತ ಪೀಳಿಗೆಯವನು ನಾನು. ಮಂಡಿಯ ಮೇಲೆ ಆಗಿನ ಗಾಯದ ಗುರುತು ಇನ್ನೂ ಇದೆ. ಕಾಲೇಜಿನ ದಿನಗಳಲ್ಲಿ ಭಾನುವಾರ ಬೆಳಗ್ಗೆ ನಾಲ್ಕೈದು ಜನ ಗೆಳೆಯರು ಶ್ರೀರಂಗಪಟ್ಟಣಕ್ಕೆ ಹೊರಡುತ್ತಿದ್ದೆವು. ಹದಿನೈದು ಕಿಲೋಮೀಟರು ದಾರಿ. ಹೋಗುವಾಗ ಗಂಟೆಯೊಂದು ಹಿಡಿದರೆ, ಹಿಂದಿರುಗುವಾಗ ಎಷ್ಟು ಹಿಡಿಯುವುದೆಂಬುದು ದಾರಿಯ ಆಲೆಮನೆಯನ್ನು ಅವಲಂಬಿಸಿತ್ತು. ಕೊಪ್ಪರಿಗೆಯಲ್ಲಿ ಬೆಲ್ಲ ಕುದಿಯುವ ವಾಸನೆ ಫರ್ಲಾಂಗು ದೂರದಿಂದಲೇ ಬಂದು ಮೂಗು ಹಿಡಿದು ಎಳೆಯುತ್ತಿತ್ತು. ಕಾಲು ಊರಿದರೆ ಸೈಕಲ್ಲು ನಿಂತಿತು. ಕತ್ತಲಾಗಿ, ದೀಪವಿಲ್ಲದೆ ಊರೊಳಕ್ಕೆ ಬಂದರೆ ಪೊಲೀಸಿನವನು ಚಕ್ರದ ಗಾಳಿ ಬಿಟ್ಟು, ಉಳಿದ ದಾರಿಯನ್ನು ನಡೆದೇ ನೋಡುವ ಅವಕಾಶವನ್ನೂ ಕಲ್ಪಿಸಿಕೊಡುತ್ತಿದ್ದ.

ಸ್ಕೂಟರು ಬಂದದ್ದು ೧೯೮೭ರಲ್ಲಿ. ಹಣ ಹೊಂದಿಸಿಕೊಂಡರೂ ಸ್ಕೂಟರಿಗಾಗಿ ಸರದಿ ಕಾಯಬೇಕಾಗಿದ್ದ ಕಾಲ ಆಗತಾನೆ ಮುಗಿಯುತ್ತ ಬಂದಿತ್ತು. ರಾಣಾ ಪ್ರತಾಪನ ಕುದುರೆಯ ಹೆಸರು ಹೊತ್ತ ಆ ಬೂದುಬಣ್ಣದ ಗಾಡಿ ಮನೆಯ ಮುಂದೆ ನಿಂತ ದಿನ ನನ್ನ ಹೆಂಡತಿ ಆರತಿ ಎತ್ತಿ, ಅಷ್ಟು ಹೊತ್ತಿಗಾಗಲೇ ಹೊಸ ಸೀರೆಯನ್ನೂ ಉಟ್ಟು ಸಿದ್ಧವಾಗಿದ್ದಳು. ಮಗ ಮುಂದೆ ಹ್ಯಾಂಡಲ್ಲು ಹಿಡಿದು ನಿಲ್ಲುವನು. ಈಕೆ ಹಿಂದೆ ಒಂದು ಪಕ್ಕಕ್ಕೆ ಕುಳಿತು ನನ್ನ ಭುಜ ಹಿಡಿಯುವಳು. ಪುಳಿಯೋಗರೆಯ ಡಬ್ಬಿ ನಡುವೆ. ನಂಜನಗೂಡು, ತಲಕಾಡು, ಮೇಲುಕೋಟೆ ಎಲ್ಲವನ್ನೂ ಆ ಗಾಡಿ ಕಂಡಿದೆ. ಸೈಕಲ್ಲು ಏಕಾಂತಕ್ಕೆ, ಸ್ಕೂಟರು ಸಂಸಾರಕ್ಕೆ ಎಂದು ಹಂಚಿಕೆಯಾಯಿತು. ಮಗ ಬೆಳೆದು ಬೆಂಗಳೂರಿಗೆ ಹೋದ ಮೇಲೆ ಮುಂದಿನ ಜಾಗ ಖಾಲಿಯಾಯಿತು. ಹಿಂದಿನ ಜಾಗ ಖಾಲಿಯಾಗಲಿಲ್ಲ. ಈಚೆಗೆ ಆಕೆಗೆ ಮಂಡಿನೋವು. ನಡೆದು ದೂರ ಹೋಗಲಾರಳು. ಆದ್ದರಿಂದ ಸ್ಕೂಟರು ನಮಗೆ ಹವ್ಯಾಸ ಮಾತ್ರವಾಗಿ ಉಳಿದಿರಲಿಲ್ಲ. ಆಕೆಯ ಕಾಲೇ ಆಗಿತ್ತು.

ಹೆದ್ದಾರಿ ಈಗ ನಮ್ಮಂಥವರನ್ನು ಒಲ್ಲದು. ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ೨೦೨೩ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಆ ಆಗಸ್ಟ್ ೧ರಿಂದ ಅದರ ಮುಖ್ಯ ರಸ್ತೆಯಲ್ಲಿ ಸ್ಕೂಟರು ಬೈಕುಗಳಿಗೆ ಪ್ರವೇಶವಿಲ್ಲ. ಗೆಳೆಯರು ಇದನ್ನು ಅವಮಾನವೆಂದರು. ನನಗೆ ಹಾಗನ್ನಿಸಲಿಲ್ಲ. ಪಕ್ಕದ ಸರ್ವಿಸ್ ರಸ್ತೆಯಲ್ಲಿ ಸಿದ್ದಲಿಂಗಪುರ, ಕಳಸ್ತವಾಡಿಗಳನ್ನು ಹಾದು ಹೋಗುವಾಗ, ಆ ಕಡೆ ಧಾವಿಸುವ ಕಾರಿನವರಿಗೆ ಸಿಕ್ಕದ ಎಷ್ಟೋ ವಸ್ತುಗಳು ನಮಗೆ ಸಿಕ್ಕುತ್ತವೆ: ಬಾಳೆಗೊನೆ ಇಳಿಸುತ್ತಿರುವವನೊಡನೆ ಚೌಕಾಸಿ, ದನ ಹೊಡೆದುಕೊಂಡು ಬರುವ ಮುದುಕಿಯ ಬೈಗುಳ, ಬೇಲಿಯ ಮೇಲಿನ ತಂಗಡಿಯ ಹಳದಿ. ನದಿಯ ಬಳಿಗೆ ಬಂದರೆ ಕಾಳಿದಾಸ ‘ಋತುಸಂಹಾರ’ದಲ್ಲಿ ಶರತ್ತಿಗೆ ಸೇರಿಸಿರುವ ಕಾಶದ ಬಿಳಿಯ ತುರಾಯಿಗಳು. ಇನ್ನೊಂದು ದಾರಿ ಹಿಡಿದರೆ ರಂಗನತಿಟ್ಟು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಿಂದ ೧೯೪೦ರಲ್ಲಿ ರಕ್ಷಿತ ತಾಣವಾದ ಆ ನಡುಗಡ್ಡೆಗಳಿಗೆ ೨೦೨೨ರಲ್ಲಿ ರಾಮ್ಸಾರ್ ಮನ್ನಣೆಯೂ ದೊರಕಿತು. ಶ್ರೀರಂಗಪಟ್ಟಣದಲ್ಲಿ ವೆಲ್ಲೆಸ್ಲಿ ಸೇತುವೆ ಕಾಣುವ ಕಡೆ ಸ್ಕೂಟರು ನಿಲ್ಲಿಸಿ ಫ್ಲಾಸ್ಕಿನ ಕಾಫಿ ಕುಡಿಯುವುದು ನಮ್ಮ ಪದ್ಧತಿ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, ೧೮೦೪ರಲ್ಲಿ ಕಟ್ಟಿದ ಸೇತುವೆ. ಕಂಬವೂ ಕಲ್ಲು, ತೊಲೆಯೂ ಕಲ್ಲು. ಎರಡು ಶತಮಾನದ ಪ್ರವಾಹಕ್ಕೆ ಬಗ್ಗದೆ ನಿಂತಿರುವ ಅದನ್ನು ನೋಡುತ್ತ, ಎಪ್ಪತ್ತು ವರ್ಷಕ್ಕೇ ಬಗ್ಗಿದ ನಾನು ಬಿಸ್ಕತ್ತು ಅದ್ದಿಕೊಂಡು ತಿನ್ನುವೆನು.

೨೦೨೫ರ ಶರತ್ತು ಇದೆಲ್ಲಕ್ಕೂ ಹೇಳಿಮಾಡಿಸಿದಂತೆ ಬಂದಿತು. ಕನ್ನಂಬಾಡಿ ಜೂನ್ ಮುಗಿಯುವಷ್ಟರಲ್ಲೇ ೧೨೪.೮೦ ಅಡಿಯ ತುಂಬುಮಟ್ಟ ಮುಟ್ಟಿತ್ತು. ನಾಲೆಗಳಲ್ಲಿ ನೀರಿತ್ತು, ಗದ್ದೆಗಳು ಹಸಿರಾಗಿದ್ದವು. ಅಕ್ಟೋಬರಿನ ನಡುವೆ, ಚಿತ್ತೆಯ ಮಳೆಯ ದಿನಗಳಲ್ಲಿ ಒಂದು ಸಂಜೆ ನಾವಿಬ್ಬರೂ ಹಿಂದಿರುಗುತ್ತಿದ್ದೆವು. ಕುರುಡು ಚಿತ್ತೆ ಎರಚಿದತ್ತ ಬೆಳೆ ಎಂದು ನಮ್ಮ ರೈತರ ಗಾದೆ. ಅಂದೂ ಹಾಗೆಯೇ, ಒಂದು ಹೊಲಕ್ಕೆ ಸುರಿದು ಪಕ್ಕದ್ದನ್ನು ಮರೆತು ಹೋಗಿತ್ತು. ರಸ್ತೆ ಒದ್ದೆ, ಎದುರು ದೀಪಗಳ ಬೆಳಕು. ಇದ್ದಕ್ಕಿದ್ದಂತೆ ಭುಜದ ಮೇಲಿನ ಕೈ ಬಿಗಿಯಾಗಿ ಒತ್ತಿತು, “ರೀ, ನಿಲ್ಲಿಸಿ!” ಎಂದು ಆಕೆ ಕೂಗಿದಳು. ನಿಲ್ಲಿಸಿದೆ. ಎಡಗಡೆ, ಒಂದು ಮಾರು ದೂರದಲ್ಲಿ, ಕಬ್ಬು ತುಂಬಿದ ಟ್ರೈಲರೊಂದು ಹಿಂದೆ ದೀಪವಿಲ್ಲದೆ ನಿಂತಿತ್ತು. ಕಬ್ಬಿನ ತುದಿಗಳು ನನ್ನ ಮುಖದ ಮಟ್ಟಕ್ಕೇ ಚಾಚಿಕೊಂಡಿದ್ದವು. ನಾನು ಅದನ್ನು ನೋಡಿರಲೇ ಇಲ್ಲ.

ಟ್ರೈಲರಿನವನನ್ನು ಬೈಯಲು ಬಾಯಿ ತೆರೆದೆ. ಆಕೆ, “ಅವನದೂ ತಪ್ಪೇ. ಆದರೆ ಮೊನ್ನೆ ಹಗಲು ಹೊತ್ತಿನಲ್ಲಿ ಆ ಎಳೆಗರು ಇತ್ತಲ್ಲ, ಅದಕ್ಕೆ ದೀಪ ಬೇಕಿತ್ತೇ?” ಎಂದಳು. ಯಾವ ಕರು? ನನಗೆ ಕರುವಿನ ನೆನಪಿರಲಿಲ್ಲ. ಏಕೆಂದರೆ ಅದನ್ನೂ ನಾನು ನೋಡಿರಲಿಲ್ಲ. ಮನೆಗೆ ಬಂದ ಮೇಲೆ ಒಂದೊಂದಾಗಿ ಹೊರಬಿತ್ತು. ಹೆಲ್ಮೆಟ್ಟಿನೊಳಗೆ ಮಾತು ಕೇಳಿಸದಾದ್ದರಿಂದ, ಎರಡು ವರ್ಷದಿಂದ ಆಕೆ ಎಡಗಡೆ ಏನಾದರೂ ಬಂದರೆ ನನ್ನ ಭುಜವನ್ನು ಮೆಲ್ಲಗೆ ಒತ್ತುತ್ತಿದ್ದಳು. ನಾನು ತಿಳಿಯದೆಯೇ ಬಲಕ್ಕೆ ಸರಿಯುತ್ತಿದ್ದೆ. ವಯಸ್ಸಾದಂತೆ ಹೆಂಡತಿಗೆ ಪ್ರೀತಿ ಹೆಚ್ಚುತ್ತಿದೆ ಎಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಪಕ್ಕಕ್ಕೆ ತಿರುಗಿ ಕುಳಿತ ಆಕೆಯ ಕಣ್ಣಿನಿಂದ ನಾನು ಸ್ಕೂಟರು ನಡೆಸುತ್ತಿದ್ದೆ.

“ಮೊದಲೇ ಏಕೆ ಹೇಳಲಿಲ್ಲ?” ಎಂದೆ.

“ಹೇಳಿದರೆ ನೀವು ಬಿಟ್ಟುಬಿಡುತ್ತಿದ್ದಿರಿ. ಬಿಟ್ಟರೆ ಮಂಕಾಗುತ್ತಿದ್ದಿರಿ,” ಎಂದಳು. ಸ್ವಲ್ಪ ತಡೆದು, “ನನಗೂ ಹೋಗಬೇಕೆಂದು ಆಸೆಯೇ,” ಎಂದಳು.

ಕಣ್ಣಿನ ವೈದ್ಯರು ಪರೀಕ್ಷಿಸಿ ಗ್ಲಾಕೋಮ ಎಂದರು. ಎಡಗಣ್ಣಿನ ಅಂಚಿನ ನೋಟ ಬಹುಪಾಲು ಹೋಗಿತ್ತು. ಈ ರೋಗದ ಕುಯುಕ್ತಿ ಅದೇ: ನೋವಿಲ್ಲ, ಕೆಂಪಿಲ್ಲ, ಅಕ್ಷರ ಚೆನ್ನಾಗಿ ಓದುತ್ತೇವೆ, ಎದುರಿನವರ ಮುಖ ಚೆನ್ನಾಗಿ ಕಾಣುತ್ತದೆ, ಅಂಚುಗಳು ಮಾತ್ರ ಹೇಳದೆ ಕೇಳದೆ ಸರಿದುಹೋಗುತ್ತವೆ. ತಪ್ಪದೆ ಔಷಧಿಯ ಹನಿ ಹಾಕಿದರೆ ಉಳಿದದ್ದನ್ನು ಕಾಪಾಡಿಕೊಳ್ಳಬಹುದು, ಹೋದದ್ದು ಬಾರದು. “ಸ್ಕೂಟರು?” ಎಂದು ಕೇಳಿದೆ. ವೈದ್ಯರು ಕನ್ನಡಕ ತೆಗೆದು ಒರೆಸಿಕೊಂಡರು. ಅಷ್ಟೇ ಉತ್ತರ ಸಾಕಾಯಿತು.

ಆದರೆ ಮನಸ್ಸಿಗೆ ಸಾಕಾಗಲಿಲ್ಲ. ನನ್ನ ಲೈಸೆನ್ಸಿನ ಅವಧಿ ನವೆಂಬರಿಗೆ ಮುಗಿಯುವುದಿತ್ತು. ನವೀಕರಿಸಬೇಕಾದರೆ ನಮೂನೆ ೧-ಎ ಎಂಬ ಹಾಳೆಯಲ್ಲಿ ವೈದ್ಯರು ಪ್ರಮಾಣಪತ್ರ ಕೊಡಬೇಕು. ಪರಿಚಯದ ವೈದ್ಯರೊಬ್ಬರು, “ಅದಕ್ಕೇನು ಸಾರ್, ತನ್ನಿ, ರುಜು ಹಾಕಿಕೊಡೋಣ,” ಎಂದು ಉದಾರವಾಗಿ ಹೇಳಿದರು. ನನ್ನ ಕಣ್ಣಿನ ವಿಚಾರ ಅವರಿಗೆ ಗೊತ್ತಿರಲಿಲ್ಲ, ನಾನು ಹೇಳಲೂ ಇಲ್ಲ. ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಒಂದು ವಾರ ತಿರುಗಿದೆ. ಬದುಕಿನಲ್ಲಿ ಸುಳ್ಳು ಹೇಳಿಲ್ಲವೆಂದಲ್ಲ. ಇಷ್ಟು ಸಣ್ಣ ಹಾಳೆಯಲ್ಲಿ ಇಷ್ಟು ದೊಡ್ಡ ಸುಳ್ಳು ಹೇಳಿರಲಿಲ್ಲ. ಹಗಲಿನಲ್ಲಿ ಮಾತ್ರ ಹೋದರಾಯಿತು, ನಿಧಾನವಾಗಿ ಹೋದರಾಯಿತು, ಹಿಂದೆ ಆಕೆ ಇದ್ದೇ ಇರುತ್ತಾಳೆ—ಹೀಗೆಲ್ಲ ನನಗೆ ನಾನೇ ವಕೀಲನಾದೆ. ಒಂದು ರಾತ್ರಿ ನಿದ್ದೆ ಬಾರದೆ ಹೊರಳುವಾಗ ಹೊಳೆಯಿತು: ಆ ಸಂಜೆ ಕಬ್ಬು ನನ್ನ ಮುಖವನ್ನು ತಪ್ಪಿಸಿದ್ದರೂ, ಎಡಕ್ಕೆ ಕಾಲು ಚಾಚಿ ಕುಳಿತಿದ್ದ ಆಕೆಯನ್ನು ತಪ್ಪಿಸುತ್ತಿರಲಿಲ್ಲ. ನನಗೆ ಕಾಣದ ಆ ಪಕ್ಕದಲ್ಲೇ ಮೂವತ್ತೆಂಟು ವರ್ಷದಿಂದ ಆಕೆ ಕುಳಿತಿದ್ದಾಳೆ.

ದೀಪಾವಳಿ ಕಳೆದು ಕಾರ್ತಿಕ ಬಂದಿತು. ಒಂದು ಸೋಮವಾರ ಬೆಳಗ್ಗೆ ಸ್ಕೂಟರನ್ನು ಒರೆಸಿ, “ಕೊನೆಯ ಸಲ ಕರಿಘಟ್ಟಕ್ಕೆ ಹೋಗಿಬರೋಣ. ಹಗಲು, ನಿಧಾನವಾಗಿ ಹೋಗೋಣ,” ಎಂದೆ. ಆಕೆ ಚೀಲದಲ್ಲಿ ಕಾಫಿಯ ಫ್ಲಾಸ್ಕು, ಬೇಯಿಸಿದ ಕಡಲೆಕಾಯಿ ಇಟ್ಟುಕೊಂಡು ಹೊರಗೆ ಬಂದಳು. ಸ್ಕೂಟರಿನ ಹತ್ತಿರ ಬಂದು ಸೀಟಿನ ಮೇಲೆ ಒಮ್ಮೆ ಕೈಯಾಡಿಸಿದಳು. ಆದರೆ ಹತ್ತಲಿಲ್ಲ.

“ಬಸ್ಸಿನಲ್ಲಿ ಹೋಗೋಣ,” ಎಂದಳು.

“ಬಸ್ಸು ಬೆಟ್ಟ ಹತ್ತುವುದಿಲ್ಲ.”

“ಪಟ್ಟಣದಿಂದ ಆಟೋ ಮಾಡಿಕೊಳ್ಳೋಣ. ನೋಡಿ, ಇಷ್ಟು ವರ್ಷ ನಿಮ್ಮ ಬೆನ್ನು ನೋಡಿಕೊಂಡೇ ಊರೆಲ್ಲ ಸುತ್ತಿದ್ದಾಯಿತು. ಬಸ್ಸಿನಲ್ಲಾದರೆ ಮುಖ ನೋಡಿಕೊಂಡು ಮಾತಾಡಬಹುದು.”

ಇದಕ್ಕೆ ಯಾವ ವಕೀಲನೂ ಉತ್ತರ ಹೇಳಲಾರ. ಬಸ್ಸು ಹತ್ತಿದೆವು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ೨೦೨೩ರ ಜೂನ್ ೧೧ರಿಂದ ಹಣವಿಲ್ಲ. ಕಂಡಕ್ಟರು ಆಕೆಯ ಗುರುತಿನ ಚೀಟಿ ನೋಡಿ ಮರ್ಯಾದೆಯಿಂದ ಶೂನ್ಯದ ಟಿಕೆಟ್ಟು ಕೊಟ್ಟು, ನನ್ನ ಕಡೆ ತಿರುಗಿ ಕೈಚಾಚಿದ. ಇಷ್ಟು ವರ್ಷ ಪೆಟ್ರೋಲಿನ ಖರ್ಚು ಹೇಳಿ ಜಂಬ ಕೊಚ್ಚಿಕೊಂಡಿದ್ದಕ್ಕೆ ತಕ್ಕ ಶಾಸ್ತಿಯಾಯಿತು. ಕಿಟಕಿಯ ಪಕ್ಕಕ್ಕೆ ಆಕೆ ಕುಳಿತಳು. ಎಡಗಡೆಯದೆಲ್ಲ ತಾನು ನೋಡಿ ನನಗೆ ಹೇಳುತ್ತ ಹೋದಳು: ಭತ್ತದ ಬಣ್ಣ ತಿರುಗುತ್ತಿದೆ, ಅಲ್ಲೊಂದು ಕೆರೆಯಲ್ಲಿ ತಾವರೆ, ನೋಡಿ ಆ ಕೊಕ್ಕರೆಯ ಗಾಂಭೀರ್ಯ. ಭುಜ ಒತ್ತಿ ಹೇಳುತ್ತಿದ್ದುದನ್ನೇ ಈಗ ಬಾಯಿಬಿಟ್ಟು ಹೇಳುತ್ತಿದ್ದಳು.

ಕರಿಘಟ್ಟದ ಮೇಲೆ ಶ್ರೀನಿವಾಸನ ದರ್ಶನ ಮಾಡಿ, ಕಲ್ಲಿನ ಮೇಲೆ ಕುಳಿತೆವು. ಕೆಳಗೆ ಲೋಕಪಾವನಿ ಸದ್ದಿಲ್ಲದೆ ಬಂದು ಕಾವೇರಿಯನ್ನು ಸೇರುವುದು ಕಾಣುತ್ತಿತ್ತು. ಹಿಂಗಾರಿನ ಮೋಡವೊಂದು ದೂರದಲ್ಲಿ, ಮಳೆ ಸುರಿಸಲೋ ಬೇಡವೋ ಎಂದು ಯೋಚಿಸುತ್ತಿತ್ತು. ಆಕೆ ಕಡಲೆಕಾಯಿ ಬಿಡಿಸತೊಡಗಿದಳು. “ಸಿಪ್ಪೆ ಹಾಕಲು ಏನಾದರೂ ಕಾಗದವಿದೆಯೇ?” ಎಂದು ಕೇಳಿದಳು. ಜೇಬಿಗೆ ಕೈಹಾಕಿದೆ. ನಮೂನೆ ೧-ಎ ಸಿಕ್ಕಿತು. ಅದನ್ನು ಹರಡಿ ಮುಂದಿಟ್ಟೆ. ಆಕೆ ಒಮ್ಮೆ ಓದಿದಳು, ನನ್ನ ಮುಖ ನೋಡಿದಳು. ಏನೂ ಹೇಳದೆ ಮೊದಲ ಸಿಪ್ಪೆಯನ್ನು ಅದರ ಮೇಲೆ ಹಾಕಿದಳು.

ಸ್ಕೂಟರಿಗೆ ಹೊದಿಕೆ ಹೊದಿಸಿಟ್ಟಿದ್ದೇನೆ. ಮಾರುವ ಮಾತನ್ನು ಇಬ್ಬರೂ ಎತ್ತಿಲ್ಲ. ಸೈಕಲ್ಲಿಗೆ ಲೈಸೆನ್ಸಿಲ್ಲ. ವೈದ್ಯರ ಅಪ್ಪಣೆಯಂತೆ, ಬಿಸಿಲು ಚೆನ್ನಾಗಿ ಬಂದ ಮೇಲೆ, ಗಾಡಿ ಓಡಾಡದ ನಮ್ಮ ಬಡಾವಣೆಯ ಹಿಂದಿನ ದಾರಿಯಲ್ಲಿ ಒಂದು ಸುತ್ತು ಹೋಗಿಬರುತ್ತೇನೆ. ಹಿಂದಿರುಗಿದ ಕೂಡಲೇ ಆಕೆ ಕಾಫಿ ಲೋಟ ಕೈಗಿತ್ತು, “ಇವತ್ತು ಏನೇನು ನೋಡಿದಿರಿ?” ಎಂದು ಕೇಳುತ್ತಾಳೆ. ನೋಡಿದ್ದನ್ನು ಹೇಳುತ್ತೇನೆ. ನೋಡದೆ ಬಿಟ್ಟದ್ದನ್ನು ಮುಂದಿನ ಸೋಮವಾರ ಬಸ್ಸಿನಲ್ಲಿ ಆಕೆ ಹೇಳುತ್ತಾಳೆ.