ಮಸಿ ಹರಿದಲ್ಲಿ ಮುಖ: ಕೋಲಾರ ಸೀಮೆಯ ಸುತ್ತಾಟ

ಕೋಲಾರಮ್ಮನ ಗುಡಿಯಲ್ಲಿ ದೇವಿಯ ಮುಖವನ್ನು ನೇರವಾಗಿ ನೋಡುವ ವಾಡಿಕೆಯಿಲ್ಲ. ಕನ್ನಡಿಯಲ್ಲಿ ಕಂಡ ರೂಪಕ್ಕೇ ಕೈಮುಗಿಯಬೇಕು. ತಾಯಿ ಉಗ್ರಸ್ವರೂಪಿಣಿ, ಅವಳ ದೃಷ್ಟಿ ತಡೆಯಲಾಗದು ಎನ್ನುತ್ತಾರೆ. ಇಟ್ಟಿಗೆಯ ಗುಡಿ ಕಲ್ಲಿನದಾದದ್ದು ರಾಜೇಂದ್ರ ಚೋಳನ ಕಾಲದಲ್ಲಿ. ಸಾವಿರ ವರ್ಷದ ಆ ಕಲ್ಲಿನ ತಂಪಿನಲ್ಲಿ ನಿಂತು ಕನ್ನಡಿಯೊಳಗೆ ಇಣುಕಿದರೆ ದೀಪದ ಬೆಳಕು, ಅರಿಶಿನ, ಎರಡು ಕಣ್ಣು, ಅಷ್ಟೇ. ಉಳಿದದ್ದನ್ನು ಭಕ್ತಿ ತುಂಬಿಕೊಳ್ಳುತ್ತದೆ. ಮಸಿ ಮತ್ತು ನೀರಿನಲ್ಲಿ ಮುಖ ಬರೆಯುವ ಹಂಬಲದಿಂದ ಹೊರಟ ನನಗೆ ಮೊದಲ ಪಾಠ ಅಲ್ಲಿಯೇ ಸಿಕ್ಕಿತು.

ಜೋಳಿಗೆಯಲ್ಲಿ ಇದ್ದದ್ದು ಒಂದು ಬುಡ್ಡಿ ಇಂಡಿಯನ್ ಇಂಕ್, ಎರಡು ಕುಂಚ, ದಪ್ಪ ಕಾಗದ, ಕೆಲವು ಖಾಲಿ ಬಾಟಲಿ. ಹೋದ ಊರಿನ ನೀರಿನಲ್ಲೇ ಆ ಊರಿನ ಮುಖ ಬರೆಯಬೇಕೆಂದು ನಿರ್ಧರಿಸಿದ್ದೆ. ಈ ಕೆಲಸದಲ್ಲಿ ಬಿಳಿ ಬಣ್ಣವೆಂಬುದಿಲ್ಲ. ಹಣೆಯ ಹೊಳಪು, ಕಣ್ಣಂಚಿನ ಬೆಳಕು ಎಲ್ಲವೂ ಮಸಿ ತಾಗದೆ ಉಳಿದ ಕಾಗದ. ಒದ್ದೆ ಕಾಗದಕ್ಕೆ ಕುಂಚ ತಗುಲಿದರೆ ನೀರು ಎಳೆದ ಕಡೆಗೆ ಮಸಿ ಓಡುತ್ತದೆ, ಒಣಗಿದ ಮೇಲೆ ಅಳಿಸಲು ಬರುವುದಿಲ್ಲ. ನೀರಿಗೆ ಬಣ್ಣವನ್ನು ಒಪ್ಪಿಸುವ ಈ ವಿದ್ಯೆ ಕನ್ನಡ ನಾಡಿಗೆ ಬಂದದ್ದು ಬಲು ದೂರದಿಂದ. 1903ರಲ್ಲಿ ಜಪಾನಿನ ಯೊಕೊಯಾಮ ತೈಕಾನ್, ಹಿಶಿದ ಶುನ್ಸೊ ಕಲ್ಕತ್ತೆಗೆ ಬಂದಾಗ ಅವರ ಕೈಚಳಕ ನೋಡಿ ಅವನೀಂದ್ರನಾಥ ಠಾಕೂರರು ಚಿತ್ರವನ್ನು ಮತ್ತೆ ಮತ್ತೆ ನೀರಿನಲ್ಲಿ ನೆನೆಸುವ ‘ವಾಶ್’ ಪದ್ಧತಿ ರೂಢಿಸಿದರು. 1909ರಲ್ಲಿ ಮೈಸೂರು ಅರಸರು ಕಲಿಯಲು ಕಳಿಸಿದ ಕೆ. ವೆಂಕಟಪ್ಪನವರು ಅದನ್ನು ಅವರ ಬಳಿ ಕಲಿತರು.

ಕೋಲಾರ ಪೇಟೆಯಲ್ಲೇ ಫತೇ ಮಹಮ್ಮದನ ಮಕಬರಾ ಇದೆ. ಅವನ ಮಗ ಹೈದರ್ ಅಲಿ ಹುಟ್ಟಿದ್ದು ಹತ್ತಿರದ ಬೂದಿಕೋಟೆಯಲ್ಲಿ. ಹೈದರನನ್ನು ಕಂಡವರು ಅವನಿಗೆ ಗಡ್ಡ, ಮೀಸೆ, ಹುಬ್ಬು ಯಾವುದೂ ಇರಲಿಲ್ಲ, ಎಲ್ಲ ಬೋಳಿಸಿಕೊಳ್ಳುತ್ತಿದ್ದ ಎಂದು ಬರೆದಿಟ್ಟಿದ್ದಾರೆ. ಯುರೋಪಿನ ಅಚ್ಚಿನ ಮನೆಗಳಲ್ಲಿ ತಯಾರಾದ ಕೆಲವು ಚಿತ್ರಗಳಲ್ಲಿ ಅವನಿಗೆ ಗಡ್ಡ ಬೆಳೆದಿದೆ. ನವಾಬನೆಂದರೆ ಹೀಗಿರಬೇಕೆಂದು ಅಲ್ಲಿನವರು ಮೊದಲೇ ತೀರ್ಮಾನಿಸಿದ್ದರು. ಒಬ್ಬ ಮನುಷ್ಯನ ಗುರುತನ್ನು ಇಷ್ಟು ಹಗುರವಾಗಿ ಕಿತ್ತುಕೊಂಡದ್ದು ನನ್ನನ್ನು ಈಗಲೂ ನೋಯಿಸುತ್ತದೆ.

ಮುಳಬಾಗಿಲ ರಸ್ತೆಯಿಂದ ಒಳಕ್ಕೆ ತಿರುಗಿದರೆ ಆವನಿ. ವಾಲ್ಮೀಕಿಯ ಆಶ್ರಮ ಇಲ್ಲಿಯೇ ಇತ್ತು, ಲವಕುಶರು ಇಲ್ಲಿಯೇ ಹುಟ್ಟಿದರು ಎಂಬುದು ಊರವರ ನಂಬಿಕೆ. ಬೆಟ್ಟದ ಮೇಲೆ ಸೀತೆಯ ಗುಡಿ, ಕೆಳಗೆ ನೊಳಂಬರ ಕಾಲದ ರಾಮೇಶ್ವರ, ಲಕ್ಷ್ಮಣೇಶ್ವರ ಗುಡಿಗಳ ಸಾಲು. ಈ ಸ್ಥಾನವನ್ನು ನಲವತ್ತು ವರ್ಷ ಆಳಿದ ತ್ರಿಭುವನಕರ್ತನೆಂಬ ಗುರು 50 ಗುಡಿ, ಎರಡು ದೊಡ್ಡ ಕೆರೆ ಕಟ್ಟಿಸಿದನೆಂದು ಶಾಸನ ಲೆಕ್ಕ ಕೊಡುತ್ತದೆ.

ಗುಡಿಯ ಹೊರಗೆ ಹೂವು ಕಟ್ಟುತ್ತಿದ್ದ ಅಜ್ಜಿಯನ್ನು ಬರೆಯಲೇ ಎಂದು ಕೇಳಿದೆ. “ಬರ್ಕೊಳಪ್ಪ, ನಾನೇನು ಎದ್ದೋಗಾಕಿಲ್ಲ” ಅಂದರು. ಬೋರ್‌ವೆಲ್ಲಿನ ನಲ್ಲಿಯಿಂದ ನೀರು ಹಿಡಿದೆ. ಸೆರಗು, ಮೂಗುಬೊಟ್ಟು, ಬೊಚ್ಚು ಬಾಯಿಯ ಸುತ್ತಲಿನ ಸುಕ್ಕು ಸಲೀಸಾಗಿ ಬಂದವು. ಕೆನ್ನೆಗೆ ತೆಳು ಮಸಿ ಬಿಟ್ಟಾಗ ಮಾತ್ರ ಅದು ನುಣ್ಣಗೆ ಹರಡಲಿಲ್ಲ, ರವೆರವೆಯಾಗಿ ಒಡೆಯಿತು. ಇಲ್ಲಿನ ಆಳದ ನೀರು ಗಡಸು. ಅದರೊಳಗಿನ ಸುಣ್ಣ ಮತ್ತು ಲವಣ ಮಸಿಯ ಕಣಗಳನ್ನು ಒಂದಕ್ಕೊಂದು ಅಂಟಿಸಿ ತಳಕ್ಕೆ ಕೂರಿಸುತ್ತವೆ. ಹಾಳೆ ಬದಲಿಸೋಣವೆಂದು ನಾನು ಕೈ ಚಾಚುವಷ್ಟರಲ್ಲಿ ಅಜ್ಜಿ ಚಿತ್ರವನ್ನು ತಮ್ಮ ಕಡೆ ತಿರುಗಿಸಿಕೊಂಡರು. ಬಹಳ ಹೊತ್ತು ಮಾತಿಲ್ಲ. ಆಮೇಲೆ ಚುಕ್ಕೆಗಳ ಮೇಲೆ ಬೆರಳಾಡಿಸಿ, “ಇದು ನಾನಲ್ಲಪ್ಪ, ನಮ್ಮಮ್ಮ. ಅವಳಿಗೆ ಸಣ್ಣೋಳಿದ್ದಾಗ ಅಮ್ಮ ಬಂದು ಕೆನ್ನೆಯೆಲ್ಲ ಹಿಂಗೇ ಗುಳಿ ಬಿದ್ದಿತ್ತು. ಅವಳದೊಂದು ಪೋಟೋನೂ ಇಲ್ಲ” ಅಂದರು. ಭಾರತ ಸಿಡುಬಿನಿಂದ ಮುಕ್ತವಾದದ್ದು 1977ರಲ್ಲಿ ಅಧಿಕೃತವಾಯಿತು. ಅಂಥ ಕೆನ್ನೆಗಳು ಈಗ ವಯಸ್ಸಾದವರಲ್ಲಿ, ಅವರ ನೆನಪಿನಲ್ಲಿ ಮಾತ್ರ ಇವೆ. ಹಾಳೆಯನ್ನು ಅವರಿಗೇ ಕೊಟ್ಟೆ. ಹೂಬುಟ್ಟಿಯ ಬಾಳೆಲೆಯ ಕೆಳಗೆ ಜೋಪಾನವಾಗಿ ಇಟ್ಟುಕೊಂಡರು.

ಮುಳಬಾಗಿಲು ಡಿ.ವಿ.ಜಿ. ಹುಟ್ಟಿದ ಊರು. ಕುಂಚವಿಲ್ಲದೆ, ಬರೀ ಲೇಖನಿಯ ಮಸಿಯಿಂದ ನೂರಾರು ಜನರ ಮುಖ ಉಳಿಸಿಕೊಟ್ಟವರು ಅವರು. ‘ಜ್ಞಾಪಕ ಚಿತ್ರಶಾಲೆ’ಯ ಸಂಪುಟಗಳಲ್ಲಿ ದಿವಾನರು, ವೈದಿಕರು, ಸಂಗೀತಗಾರರು, ಸಾಮಾನ್ಯರು ಒಂದೇ ಗೌರವದಿಂದ ಕೂತಿದ್ದಾರೆ. ಕನ್ನಡದಲ್ಲಿ ಭಾವಚಿತ್ರ ಕಲೆಯ ಪಾಠ ಬೇಕಾದವರು ಮೊದಲು ಅದನ್ನೇ ಓದಬೇಕು ಎಂದು ನನಗನ್ನಿಸುತ್ತದೆ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರೂ ಕಥೆಗಳಲ್ಲಿ ಇದನ್ನೇ ಮಾಡಿದರು.

ಅದೇ ಮಾಲೂರಿನ ಕಡೆ, ಈ ಸೀಮೆಯ ಹಲವು ಊರುಗಳಲ್ಲಿ, ಮಾಸ್ತಿಕಲ್ಲುಗಳನ್ನು ಕಾಣಬಹುದು. ಗಂಡನ ಚಿತೆಯೇರಿದ ಹೆಣ್ಣಿನ ಗುರುತಾಗಿ ಎಷ್ಟೋ ಕಲ್ಲುಗಳಲ್ಲಿ ಉಳಿದಿರುವುದು ಬಳೆ ತೊಟ್ಟು ಮೇಲೆತ್ತಿದ ಒಂದು ತೋಳು. ಅಂಥದೊಂದನ್ನು ಬರೆಯಲು ಕೂತೆ, ಕೈ ಮುಂದೆ ಹೋಗಲಿಲ್ಲ. ಅವಳ ಮುಖವನ್ನು ಯಾರೂ ಬಿಡಿಸಿಡಲಿಲ್ಲ. ನಾನು ಊಹಿಸಿ ಬಿಡಿಸಿದರೆ ಹೈದರನಿಗೆ ಗಡ್ಡ ಅಂಟಿಸಿದವರ ಸಾಲಿಗೇ ಸೇರುತ್ತೇನೆ.

ಶ್ರೀನಿವಾಸಪುರಕ್ಕೆ ಬಂದಾಗ ಮಾವಿನ ಮಂಡಿಗಳ ಗದ್ದಲ. ಲಾರಿಗೆ ಕ್ರೇಟು ಹೊರುವವರನ್ನು ನಿಲ್ಲಿಸಲಾದೀತೇ? ಓಡುವ ಮುಖಗಳನ್ನು ಓಡುವ ಮಸಿಯಲ್ಲಿ ಹಿಡಿದೆ, ಅಷ್ಟೇ. ಲಕ್ಷ್ಮೀಸಾಗರ ಕೆರೆಯ ನೀರನ್ನೂ ಒಂದು ಬಾಟಲಿಯಲ್ಲಿ ತುಂಬಿಕೊಂಡೆ. ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿ ಕೋಲಾರದ ಒಣಗಿದ ಕೆರೆಗಳಿಗೆ ಹರಿಸಲು ಆರಂಭಿಸಿದ್ದು 2018ರಲ್ಲಿ, ಮೊದಲು ಈ ಕೆರೆಗೆ. ನೀರು ಬಂತೆಂಬ ಸಂತೋಷ, ಎಂಥ ನೀರೋ ಎಂಬ ಆತಂಕ, ಎರಡೂ ಇಲ್ಲಿನ ರೈತರ ಮಾತಿನಲ್ಲಿವೆ.

ಆವನಿಯ ಅಜ್ಜಿಯ ತಾಯಿಯಂತೆ ನಿಮ್ಮ ಮನೆಯಲ್ಲೂ ಫೋಟೋ ಇಲ್ಲದೆ ಹೋದ ಹಿರಿಯರು ಇದ್ದಾರು. ಅವರನ್ನು ಕಂಡವರು ಇನ್ನೂ ಬದುಕಿದ್ದರೆ ಇವತ್ತೇ ಪಕ್ಕದಲ್ಲಿ ಕೂತು ಕೇಳಿ: ಮೂಗು ಹೇಗಿತ್ತು, ಕೆನ್ನೆ ಹೇಗಿತ್ತು, ನಕ್ಕರೆ ಎಲ್ಲಿ ಸುಕ್ಕು ಬೀಳುತ್ತಿತ್ತು. ಬಿಡಿಸಲು ಬಾರದಿದ್ದರೆ ಬರೆದಿಡಿ.