ತೊಟ್ಟಿಕ್ಕಿದ್ದು ಎಲ್ಲಿ, ಸೋರಿದ್ದು ಎಲ್ಲಿ?

2019ರ ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ, ಶಾರ್ಜಾದಲ್ಲಿ ನಾವಿದ್ದ ಕಟ್ಟಡದ ಹಿಂದಿನ ಪಾರ್ಕಿಂಗ್ ಜಾಗದಲ್ಲಿ ನಮ್ಮ ಕಾರಿನ ಕೆಳಗೆ ಒಂದು ಕಪ್ಪು ಕಲೆ ಕಂಡಿತು. ನಮ್ಮೂರಿನ ಹಳೆಯ ಎಂಟಾಣೆಯಷ್ಟು ಅಗಲ, ಅಷ್ಟೇ. ಬೆರಳಿನಿಂದ ಮುಟ್ಟಿ ನೋಡಿದೆವು. ಇಂಜಿನ್ ಎಣ್ಣೆ.

ನಾವೆಂದರೆ ದಕ್ಷಿಣ ಕನ್ನಡದ ಮೂವರು. ಒಂದೇ ಕೋಣೆ, ಒಂದೇ ಅಡುಗೆ. ಒಬ್ಬ ಎ.ಸಿ. ರಿಪೇರಿ ಕಂಪೆನಿಯಲ್ಲಿ, ಒಬ್ಬ ಗೋದಾಮಿನಲ್ಲಿ, ಇನ್ನೊಬ್ಬ ಲೆಕ್ಕಪತ್ರದ ಕೆಲಸದಲ್ಲಿ. ಕಾರು ಮಜ್ದಾ ಎಂ.ಎಕ್ಸ್.-5, 1992ರ ಮಾಡೆಲ್. ಮುಂದಿನ ದೀಪಗಳು ಕಣ್ಣು ತೆರೆದಂತೆ ಮೇಲೇಳುವ, ಮೇಲ್ಛಾವಣಿಯನ್ನು ಮಡಚಿ ಹಿಂದಕ್ಕೆ ತಳ್ಳಬಹುದಾದ ಪುಟ್ಟ ಸ್ಪೋರ್ಟ್ಸ್ ಕಾರು. ಬ್ರಿಟಿಷರ ಹಳೆಯ ಎರಡು ಸೀಟಿನ ಕಾರುಗಳ ಖುಷಿ ಇರಬೇಕು, ಆದರೆ ಅವುಗಳಂತೆ ಎಣ್ಣೆ ಸೋರಬಾರದು, ದಾರಿಯಲ್ಲಿ ಕೈಕೊಡಬಾರದು ಎಂಬಂತೆ ಜಪಾನಿನವರು 1989ರಲ್ಲಿ ಹೊರತಂದ ಕಾರಿದು. 2016ರ ಹೊತ್ತಿಗೆ ಹತ್ತು ಲಕ್ಷ ಕಾರುಗಳು ತಯಾರಾಗಿದ್ದವು. ಮೂವರು ಸೇರಿ ಎರಡು ಸೀಟಿನ ಕಾರು ಕೊಂಡದ್ದಕ್ಕೆ ಊರಿನವರೆಲ್ಲ ನಕ್ಕಿದ್ದರು. ಇಬ್ಬರು ಸುತ್ತಾಡಲು ಹೋದರೆ ಒಬ್ಬ ಕೋಣೆಯಲ್ಲಿ ಅನ್ನಕ್ಕಿಡುವುದು ನಮ್ಮ ಒಪ್ಪಂದವಾಗಿತ್ತು.

ಆ ಕಾರನ್ನು ನಮಗೆ ಕೊಟ್ಟವರು ನಾವೆಲ್ಲ ಕಾಕ ಎಂದು ಕರೆಯುತ್ತಿದ್ದ ಊರಿನ ಹಿರಿಯರೊಬ್ಬರು. ಇಂಡಸ್ಟ್ರಿಯಲ್ ಏರಿಯಾದಲ್ಲಿ ಸಣ್ಣ ಗ್ಯಾರೇಜು ನಡೆಸುತ್ತಿದ್ದರು. ದೇಶ ಬಿಟ್ಟು ಹೋದ ಗಿರಾಕಿಯೊಬ್ಬರಿಂದ ಕಾರನ್ನು ಪಡೆದು, ತಾವೇ ಸರಿಪಡಿಸಿ, ಹದಿಮೂರು ಸಾವಿರ ದಿರ್ಹಮಿಗೆ, ಅದೂ ಕಂತಿನಲ್ಲಿ ನಮಗೆ ಕೊಟ್ಟಿದ್ದರು. ಕೀಲಿಕೈ ಕೊಡುವಾಗ, "ಏನಾದರೂ ತೊಂದರೆ ಕಂಡರೆ ಬೇರೆಲ್ಲೂ ಹೋಗಬೇಡಿ ಮಕ್ಕಳೇ, ಇಲ್ಲಿಗೇ ತನ್ನಿ" ಎಂದಿದ್ದರು.

ಆದರೆ ಕಲೆ ಕಂಡ ದಿನ ನಾವು ಕಾಕನಲ್ಲಿಗೆ ಹೋಗಲಿಲ್ಲ. ಕಾರು ಕೊಂಡು ಮೂರು ತಿಂಗಳಷ್ಟೇ ಆಗಿತ್ತು. ಮಾರಿದವರನ್ನೇ ಕೇಳಿದರೆ ನಿಜ ಹೇಳುತ್ತಾರೆಯೇ ಎಂಬ ಯೋಚನೆ ನಮ್ಮಲ್ಲೊಬ್ಬನಿಗೆ ಬಂತು. ಉಳಿದಿಬ್ಬರು ಅದನ್ನು ತಳ್ಳಿಹಾಕಲಿಲ್ಲ. ಹತ್ತಿರದ ಬೇರೊಂದು ಗ್ಯಾರೇಜಿಗೆ ಒಯ್ದೆವು. ಅಲ್ಲಿನ ಹುಡುಗ ಕಾರನ್ನು ಮೇಲೆತ್ತಿ, ಲೈಟು ಹಿಡಿದು, ಐದೇ ನಿಮಿಷದಲ್ಲಿ ತೀರ್ಪು ಕೊಟ್ಟ. ಇಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗದಿಂದ ಎಣ್ಣೆ ತೊಟ್ಟಿಕ್ಕುತ್ತಿದೆ, ಕ್ರ್ಯಾಂಕ್‌ಶಾಫ್ಟಿನ ಹಿಂಬದಿಯ ಸೀಲ್ ಹೋಗಿದೆ. ಸೀಲಿನ ಬೆಲೆ ಹೆಚ್ಚಲ್ಲ, ಆದರೆ ಅದನ್ನು ಮುಟ್ಟಲು ಗೇರ್‌ಬಾಕ್ಸ್ ಇಳಿಸಬೇಕು. ಒಟ್ಟು ಸಾವಿರದ ಐನೂರು ದಿರ್ಹಮ್. ಹೊರಡುವಾಗ ಇನ್ನೊಂದು ಮಾತು ಸೇರಿಸಿದ: "ಇದು ಒಂದು ದಿನದಲ್ಲಿ ಆಗುವಂಥದ್ದಲ್ಲ. ಮಾರಿದವನಿಗೆ ಗೊತ್ತೇ ಇರುತ್ತದೆ."

ಆ ಮಾತು ನಮ್ಮ ಮನಸ್ಸಿನಲ್ಲಿ ಎಷ್ಟು ಸಲೀಸಾಗಿ ಕುಳಿತುಕೊಂಡಿತೆಂದು ಈಗ ನೆನೆದರೆ ನಾಚಿಕೆಯಾಗುತ್ತದೆ. ಕಾಕ ಕಂತಿಗೆ ಒಪ್ಪಿದ್ದು ಯಾಕೆ? ತೊಂದರೆಯಾದರೆ ಇಲ್ಲಿಗೇ ತನ್ನಿ ಎಂದದ್ದು ಯಾಕೆ? ಮೊದಲು ಉಪಕಾರವಾಗಿ ಕಂಡದ್ದೆಲ್ಲ ಈಗ ಉಪಾಯವಾಗಿ ಕಾಣತೊಡಗಿತು. ಫೆಬ್ರವರಿಯಲ್ಲಿ ಮುಲ್ಕಿಯಾ ನವೀಕರಣವಾಗಬೇಕಿತ್ತು. ಎಣ್ಣೆ ಸೋರುವ ಕಾರು ಪಾಸಿಂಗಿನಲ್ಲಿ ತಿರಸ್ಕೃತವಾಗುವ ಹೆದರಿಕೆ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು.

ಆಗ ಅಲ್ಲಿ ಶುಕ್ರವಾರವೇ ವಾರದ ರಜೆ. ಜುಮಾ ಮುಗಿಸಿ ಊರಿನ ಹತ್ತು ಜನ ನಮ್ಮ ಕೋಣೆಯಲ್ಲಿ ಬಿರಿಯಾನಿಗೆ ಸೇರಿದ್ದರು. "ಕಾರು ಹೇಗಿದೆ?" ಎಂದು ಯಾರೋ ತಮಾಷೆಗೆ ಕೇಳಿದರು. ನಾವು ಎಲ್ಲವನ್ನೂ ಹೇಳಿದೆವು. ಗ್ಯಾರೇಜಿನ ಹುಡುಗ ಹೇಳಿದ್ದಕ್ಕೆ ನಮ್ಮದೂ ಸ್ವಲ್ಪ ಸೇರಿಸಿಯೇ ಹೇಳಿದೆವು. ಕಾಕನ ಹೆಸರೆತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ಆ ಕಾರು ಯಾರಿಂದ ಬಂದದ್ದೆಂದು ಎಲ್ಲರಿಗೂ ತಿಳಿದಿತ್ತು. ಮುಂದಿನ ಶುಕ್ರವಾರ ಮಸೀದಿಯಲ್ಲಿ ಕಾಕ ದೂರದಿಂದ ಕೈಯೆತ್ತಿದಾಗ ನಾವು ಕಾಣದವರಂತೆ ಇನ್ನೊಂದು ಬಾಗಿಲಿನಿಂದ ಹೊರಬಂದೆವು.

ಸಾವಿರದ ಐನೂರು ದಿರ್ಹಮ್ ಆ ತಿಂಗಳು ನಮ್ಮಲ್ಲಿರಲಿಲ್ಲ. ಇದ್ದಿದ್ದರೆ ಗೇರ್‌ಬಾಕ್ಸ್ ಇಳಿಸಿ, ಸರಿಯಾಗಿಯೇ ಇದ್ದ ಸೀಲನ್ನು ಕಿತ್ತು, ಕಾಕನ ಮೇಲಿನ ಸಂಶಯವನ್ನು ಶಾಶ್ವತ ಮಾಡಿಕೊಳ್ಳುತ್ತಿದ್ದೆವು. ಹಣವಿಲ್ಲದ್ದೇ ನಮ್ಮನ್ನು ಉಳಿಸಿತು.

ಒಂದು ರಾತ್ರಿ ಊಟಕ್ಕೆ ಕುಳಿತಾಗ ಎ.ಸಿ. ಕೆಲಸದವನು ಹೇಳಿದ: "ಸೀಲಿಂಗಿನಲ್ಲಿ ನೀರು ತೊಟ್ಟಿಕ್ಕುವ ಜಾಗದ ನೇರ ಮೇಲೆಯೇ ಪೈಪ್ ಒಡೆದಿರುವುದನ್ನು ನಾನು ನೋಡಿದ್ದೇ ಕಡಿಮೆ. ನೀರು ಎಲ್ಲಿಂದಲೋ ಹರಿದುಬಂದು ಎಲ್ಲೋ ಬೀಳುತ್ತದೆ. ಎಣ್ಣೆಯೂ ಹಾಗೆಯೇ ಇರಬಾರದೇಕೆ?"

ಮರುದಿನ ಶನಿವಾರ, ಅದೂ ರಜೆ. ಇಂಜಿನ್ ತಣ್ಣಗಿರುವಾಗಲೇ ಬಾನೆಟ್ ಎತ್ತಿ, ಜಿಡ್ಡು ತೆಗೆಯುವ ದ್ರಾವಣ ಹಾಕಿ, ಹಳೆಯ ಟೂತ್‌ಬ್ರಷ್ ಮತ್ತು ಬಟ್ಟೆಯಿಂದ ಇಂಜಿನಿನ ಹಿಂಬದಿ, ಬದಿ, ಅಡಿಯನ್ನೆಲ್ಲ ಉಜ್ಜಿ ಒಣಗಿಸಿದೆವು. ಗ್ಯಾರೇಜಿನ ಹುಡುಗ ಮಾಡದೇ ಬಿಟ್ಟದ್ದು ಇದೊಂದೇ. ಕೊಳೆಯ ಮೇಲೆ ಹೊಸ ಎಣ್ಣೆ ಯಾವುದು, ಹಳೆಯದು ಯಾವುದು ಎಂದು ಗೊತ್ತಾಗುವುದಿಲ್ಲ. ಆಮೇಲೆ ಹತ್ತು ಕಿಲೋಮೀಟರ್ ಓಡಿಸಿ ಬಂದು, ಒಬ್ಬ ಟಾರ್ಚ್ ಹಿಡಿದ. ಇನ್ನೊಬ್ಬ ಕ್ಷೌರದ ಸಣ್ಣ ಕನ್ನಡಿಯನ್ನು ಇಂಜಿನಿನ ಹಿಂದೆ ಇಳಿಸಿದ.

ಕೆಳಗಿನ ಸೀಲಿನ ಕಡೆಯಿಂದ ಏನೂ ಬಂದಿರಲಿಲ್ಲ. ಒದ್ದೆಯಾಗಿದ್ದದ್ದು ಮೇಲೆ, ಇಂಜಿನ್ ಹೆಡ್ಡಿನ ಹಿಂಬದಿಯಲ್ಲಿ, ಚಾಲಕನ ಕಡೆಯ ಗೋಡೆಗೆ ತಾಗುವಷ್ಟು ಹತ್ತಿರ. ಅಲ್ಲಿ ಮುಷ್ಟಿಗಾತ್ರದ ಒಂದು ಸೆನ್ಸರ್ ಇದೆ. ಕ್ಯಾಮ್‌ಶಾಫ್ಟಿನ ತುದಿಗೆ ಸೇರಿಕೊಂಡು ತಿರುಗುತ್ತಾ, ಯಾವ ಗಳಿಗೆಯಲ್ಲಿ ಕಿಡಿ ಹಾರಬೇಕೆಂದು ಇಂಜಿನಿನ ಕಂಪ್ಯೂಟರಿಗೆ ತಿಳಿಸುವುದು ಅದರ ಕೆಲಸ. ಅದರ ಕುತ್ತಿಗೆಯ ಸುತ್ತ ಒಂದು ರಬ್ಬರ್ ರಿಂಗ್ ಇರುತ್ತದೆ. ಒಳಗಿನ ಎಣ್ಣೆಯನ್ನು ತಡೆಯುವುದು ಆ ರಿಂಗೇ. ಅದು ಸೋತಾಗ ಎಣ್ಣೆ ಹೆಡ್ಡಿನ ಬೆನ್ನಿನ ಮೇಲೆ ತೆಳ್ಳಗೆ ಇಳಿದು, ಗೇರ್‌ಬಾಕ್ಸಿನ ಗಂಟೆಯಾಕಾರದ ಕವಚದ ಮೇಲೆ ಹರಿದು, ಹಿಂಬದಿಯ ಸೀಲ್ ಹೋದರೆ ಎಲ್ಲಿ ತೊಟ್ಟಿಕ್ಕಬೇಕೋ ಅಲ್ಲೇ ತೊಟ್ಟಿಕ್ಕುತ್ತದೆ. ಕೆಳಗೆ ಮಲಗಿ ನೋಡುವವರಿಗೆ ಎರಡೂ ಒಂದೇ.

ರಿಂಗಿನ ಬೆಲೆ ಐದು ದಿರ್ಹಮ್. ಸೆನ್ಸರನ್ನು ಹಿಡಿದಿರುವುದು ಒಂದೇ ಬೋಲ್ಟ್. ಬಿಚ್ಚುವ ಮೊದಲು ಸೆನ್ಸರ್ ಮತ್ತು ಹೆಡ್ ಎರಡರ ಮೇಲೂ ಹಾಯುವಂತೆ ಒಂದು ಗೀರು ಎಳೆದೆವು. ಕೂಡಿಸುವಾಗ ಅದು ಸ್ವಲ್ಪ ತಿರುಗಿ ಕುಳಿತರೂ ಕಿಡಿಯ ಸಮಯ ತಪ್ಪುತ್ತದೆ. ಕೈ ಹೋಗುವಷ್ಟೂ ಜಾಗವಿಲ್ಲದ ಕಡೆ ಬೆರಳುಗಳ ಗಂಟು ಸುಲಿಯಿತು. ಹಳೆಯ ರಿಂಗ್ ಹೊರಬಂದಾಗ ರಬ್ಬರಿನ ಗುಣವನ್ನೇ ಕಳೆದುಕೊಂಡಿತ್ತು. ಚಪ್ಪಟೆಯಾಗಿ, ಗಟ್ಟಿಯಾಗಿ, ಬಗ್ಗಿಸಿದರೆ ಬಿಸ್ಕತ್ತಿನಂತೆ ಮುರಿಯಿತು. ಇಪ್ಪತ್ತೇಳು ವರ್ಷಗಳ ಇಂಜಿನಿನ ಕಾವು ಅದನ್ನು ಹಾಗೆ ಮಾಡಿತ್ತು. ಮೋಸ ಮಾಡಿದವರು ಯಾರೂ ಇರಲಿಲ್ಲ. ಹೊಸ ರಿಂಗಿಗೆ ಎಣ್ಣೆ ಸವರಿ ಕೂರಿಸಿ, ಗೀರಿಗೆ ಗೀರು ಸೇರಿಸಿ ಬಿಗಿದೆವು. ಎರಡು ದಿನ ಕಾರಿನ ಕೆಳಗೆ ರಟ್ಟು ಹಾಸಿ ನೋಡಿದೆವು. ರಟ್ಟು ಒಣಗಿಯೇ ಇತ್ತು.

ಸಂತೋಷಪಡಬೇಕಾದ ಹೊತ್ತಿನಲ್ಲಿ ಮೂವರೂ ಮೌನವಾಗಿ ಕುಳಿತಿದ್ದೆವು. ಸೂರಃ ಅಲ್ ಹುಜುರಾತ್‌ನ 12ನೇ ಸೂಕ್ತದ ಮೇಲೆ ಎಷ್ಟೋ ಖುತ್ಬಾಗಳನ್ನು ನಾವು ಕೇಳಿದ್ದೇವೆ. ಅಲ್ಲಿ ಮೊದಲು ಗುಮಾನಿಯ ನಿಷೇಧ, ಬಳಿಕ ಇತರರ ಗುಟ್ಟು ಕೆದಕುವುದರ ನಿಷೇಧ, ಕೊನೆಗೆ ಪರದೂಷಣೆಯ ನಿಷೇಧ. ಈ ಕ್ರಮ ಏಕೆ ಹಾಗಿದೆಯೆಂದು ನಾವು ಯೋಚಿಸಿದ್ದು ಆ ದಿನವೇ. ಹತ್ತು ಜನರ ಮುಂದೆ ಬಾಯಿಂದ ಬಿದ್ದದ್ದು ಕೊನೆಯ ತೊಟ್ಟು ಮಾತ್ರ. ಸೋರಿಕೆ ಶುರುವಾದದ್ದು ಮೇಲೆ ಎಲ್ಲೋ, ಕಾಕನಲ್ಲಿಗೆ ಹೋಗುವುದು ಬೇಡವೆಂದು ತೀರ್ಮಾನಿಸಿದ ಗಳಿಗೆಯಲ್ಲಿ. ಸುದ್ದಿ ಬಂದಾಗ ಪರಿಶೀಲಿಸಿ ನೋಡಿರೆಂಬ ಆದೇಶವೂ ಅದೇ ಅಧ್ಯಾಯದ 6ನೇ ಸೂಕ್ತದಲ್ಲಿದೆ. ಕಾರಿನ ವಿಷಯದಲ್ಲಿ ನಾವು ತಡವಾಗಿಯಾದರೂ ಉಜ್ಜಿ ನೋಡಿದೆವು. ಮನುಷ್ಯನ ವಿಷಯದಲ್ಲಿ ಅಷ್ಟೂ ಮಾಡಲಿಲ್ಲ.

ಕಿಡಿಯ ಸಮಯ ಸರಿಯಿದೆಯೇ ಎಂದು ನೋಡಲು ಟೈಮಿಂಗ್ ಲೈಟ್ ಬೇಕು. ನಮಗೆ ಗೊತ್ತಿದ್ದವರ ಪೈಕಿ ಅದಿದ್ದದ್ದು ಕಾಕನಲ್ಲಿ. ಅದೇ ನೆಪವಾಯಿತು.

ಕಾಕ ಏನನ್ನೂ ಕೇಳಲಿಲ್ಲ. ಬಾನೆಟ್ ಎತ್ತಿ, ಲೈಟಿನ ವಯರ್ ಸಿಕ್ಕಿಸಿ, ತಿರುಗುತ್ತಿದ್ದ ಪುಲ್ಲಿಯ ಗುರುತಿನ ಮೇಲೆ ಬೆಳಕು ಹಾಯಿಸಿದರು. ಹತ್ತು ಡಿಗ್ರಿ, ಇರಬೇಕಾದಷ್ಟೇ. "ಗೀರು ಹಾಕಿ ಬಿಚ್ಚಿದ್ದೀರಿ. ಒಳ್ಳೆಯ ಕೆಲಸ" ಎಂದರು. ಆಗ ನಾವು ನಡೆದುದನ್ನೆಲ್ಲ ಹೇಳಿ, "ನಮ್ಮನ್ನು ಮಾಫ್ ಮಾಡಬೇಕು ಕಾಕ" ಎಂದೆವು.

ಅವರು ಬಟ್ಟೆಯ ತುಂಡಿನಲ್ಲಿ ಬಹಳ ಹೊತ್ತು ಕೈ ಒರೆಸಿಕೊಂಡರು. "ನಿಮ್ಮ ಕೋಣೆಯ ಮಾತು ಅದೇ ರಾತ್ರಿ ಇಲ್ಲಿಗೆ ಬಂದಿತ್ತು. ಕಾರಿನ ವಿಷಯದಲ್ಲಿ ನನಗೆ ಬೇಸರವಿಲ್ಲ, ಹಳೆಯ ಕಾರು ಸೋರುತ್ತದೆ. ಸಲಾಮಿಗೆ ಮುಖ ತಿರುಗಿಸಿದಿರಲ್ಲ, ಅದು ನೋವಾಯಿತು" ಎಂದರು. ಸ್ವಲ್ಪ ತಡೆದು, "ಆ ರಿಂಗನ್ನು ನಾನೂ ಆಗಲೇ ಬದಲಿಸಬಹುದಿತ್ತು. ಒಣಗಿತ್ತು, ಹಾಗೇ ಬಿಟ್ಟೆ" ಎಂದರು. ಚಹಾ ತರಿಸಿದರು. ಹಣ ತೆಗೆದುಕೊಳ್ಳಲಿಲ್ಲ.

ಕಾಕ ಕ್ಷಮಿಸಿದರೆಂದು ಕೆಲಸ ಮುಗಿಯಲಿಲ್ಲ. ಕೋಣೆಗೆ ಬಂದು, ಅಂದು ಬಿರಿಯಾನಿಗೆ ಸೇರಿದ್ದ ಹತ್ತೂ ಜನರ ಹೆಸರು ಬರೆದೆವು. ಒಬ್ಬೊಬ್ಬರಿಗೂ ನಾವು ಹೇಳಿದ್ದು ತಪ್ಪೆಂದು ತಿಳಿಸಿದೆವು. ಹೆಚ್ಚಿನವರು ನಕ್ಕು ಬಿಟ್ಟರು. ಒಬ್ಬರು ಆಗಲೇ ತಮ್ಮ ಪಿಕಪ್ಪಿನ ಕೆಲಸವನ್ನು ಕಾಕನಿಂದ ಬಿಡಿಸಿ ಬೇರೆ ಗ್ಯಾರೇಜಿಗೆ ಕೊಟ್ಟಿದ್ದರು. ನಾವು ಎಷ್ಟು ಹೇಳಿದರೂ, "ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ" ಎಂದರೇ ಹೊರತು ಮರಳಿ ಹೋಗಲಿಲ್ಲ. ಇನ್ನೊಬ್ಬರು ಅಷ್ಟರಲ್ಲಿ ಊರಿಗೆ ಹೋಗಿದ್ದರು. ಫೋನ್ ಮಾಡಿದಾಗ ಅವರಿಗೆ ವಿಷಯವೇ ಮರೆತಿತ್ತು. ಆದರೆ ಮರೆಯುವ ಮೊದಲು ಅದನ್ನು ತಮ್ಮ ಭಾವನಿಗೆ ಹೇಳಿದ್ದು ನೆನಪಿತ್ತು. ಆ ಭಾವನ ನಂತರ ಅದು ಎಲ್ಲಿಗೆ ಹೋಯಿತೆಂದು ಹುಡುಕಲು ನಮ್ಮಲ್ಲಿ ಯಾವ ಕನ್ನಡಿಯೂ ಇರಲಿಲ್ಲ.

ಕಾರು ಫೆಬ್ರವರಿಯಲ್ಲಿ ಪಾಸಾಯಿತು. ಕೊರೋನಾ ಬಂದ ಮೇಲೆ ಕಾಕ 2021ರಲ್ಲಿ ಗ್ಯಾರೇಜು ಮುಚ್ಚಿ ಊರು ಸೇರಿದರು. ಮರುವರ್ಷ ನಾವೂ ಕಾರನ್ನು ಒಬ್ಬ ಯುವಕನಿಗೆ ಮಾರಿದೆವು. ಅದರಲ್ಲಿ ಏನೇನು ಬದಲಿಸಿದ್ದೇವೆ, ಏನನ್ನು ಬದಲಿಸಿಲ್ಲ ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಒಂದು ಹೊಸ ರಬ್ಬರ್ ರಿಂಗಿನ ಜೊತೆ ಡ್ಯಾಶ್‌ಬೋರ್ಡಿನ ಖಾನೆಯಲ್ಲಿಟ್ಟೆವು. ಕೀಲಿಕೈ ಕೊಡುವಾಗ ನಾವು ಹೇಳಿದ್ದು ಇಷ್ಟೇ: "ಕೆಳಗೆ ಎಣ್ಣೆ ಕಂಡರೆ ಮೊದಲು ನಮಗೆ ಫೋನ್ ಮಾಡು."